ಸಜ್ಜಾ ಮೇಲಿನ ಅರಳಿ ಕುಂಡಕ್ಕಿಳಿದಾಗ

ಬೆಂಗಳೂರಿನ ಚಿಕ್ಕಪೇಟೆಯಲ್ಲೋ ಅವೆನ್ಯೂ ರಸ್ತೆಯಲ್ಲೋ ನಡೆಯುವಾಗ ಒಮ್ಮೆ ಕತ್ತೆತ್ತಿ ನೋಡಿ. ಅಂಗಡಿ ಬೋರ್ಡಿನ ಹಿಂದೆ, ಸಜ್ಜಾದ ಅಂಚಿನಲ್ಲಿ, ಮಳೆನೀರಿನ ಪೈಪು ಗೋಡೆಗೆ ಅಂಟಿಕೊಂಡ ಸಂದಿಯಲ್ಲಿ, ಹಳೇ ಮನೆಯ ಪ್ಯಾರಪೆಟ್ ಮೇಲೆ ಎಲ್ಲಾದರೂ ಒಂದು ಅರಳಿ ಗಿಡ ಇದ್ದೇ ಇರುತ್ತದೆ. ಹಿಡಿ ಮಣ್ಣಿಲ್ಲ, ನೀರು ಹಾಕುವವರಿಲ್ಲ, ಏಪ್ರಿಲ್ ಬಿಸಿಲಿಗೆ ಮರೆಯಿಲ್ಲ. ಆದರೂ ಎಲೆ ಅಲ್ಲಾಡಿಸುತ್ತ ನಿಂತಿದೆ! ನಾವು ನೀವು ಕಂಡರೆ ‘ಅಯ್ಯೋ, ಗೋಡೆ ಬಿರುಕು ಬಿಡುತ್ತೆ, ಕೀಳ್ಸಿ’ ಅನ್ನುತ್ತೇವೆ. ಬೋನ್ಸಾಯ್ ಹುಚ್ಚು ಹಿಡಿದವರು ಕಂಡರೆ ಟ್ರಾಫಿಕ್ ಮಧ್ಯೆಯೇ ಸ್ಕೂಟರ್ ನಿಲ್ಲಿಸಿಬಿಡುತ್ತಾರೆ. ಅವರ ಕಣ್ಣು ಎಲೆಯ ಮೇಲಿರುವುದಿಲ್ಲ, ಬುಡದ ಮೇಲಿರುತ್ತದೆ.

ಆ ಬುಡವನ್ನು ಹತ್ತಿರದಿಂದ ನೋಡಬೇಕು. ಗಿಡದ ಎತ್ತರ ಮೊಣಕಾಲಿಗೂ ಬರುವುದಿಲ್ಲ, ಬುಡ ಮಾತ್ರ ತೋಳಿನಷ್ಟು ದಪ್ಪ. ಇಟ್ಟಿಗೆಯ ಸಂದಿಗೆ ಇಳಿದ ಬೇರು ಚಪ್ಪಟೆಯಾಗಿ, ಮೂಲೆ ಬಂದಲ್ಲಿ ಮಡಿಚಿಕೊಂಡು, ಮತ್ತೆ ಹೊರಗೆ ಬಂದು ಗೋಡೆಯನ್ನು ಅವುಚಿ ಹಿಡಿದಿದೆ. ಯಾರೋ ಸುಣ್ಣ ಬಳಿಯುವಾಗ ಕಡಿದ ಕಡೆ ಗಂಟು ಬಿದ್ದಿದೆ, ಗಂಟಿನಿಂದ ಮೂರು ಹೊಸ ಕೊಂಬೆ ಎದ್ದಿವೆ. ಅದನ್ನೂ ಯಾರೋ ಕಡಿದಿದ್ದಾರೆ, ಮತ್ತೆ ಚಿಗುರಿದೆ. ಬೇರಿಗೆ ಜಾಗ ಕೊಡದೆ ಬಿಗಿಹಿಡಿಯುವುದು, ನೀರು ಗೊಬ್ಬರವನ್ನು ಅಳೆದು ಕೊಡುವುದು, ಬೆಳೆದಂತೆಲ್ಲ ಕೊಂಬೆ ಕತ್ತರಿಸುವುದು, ಬೋನ್ಸಾಯ್ ಕಲೆ ಅಂದರೆ ಇಷ್ಟೇ ತಾನೆ? ಹತ್ತಿಪ್ಪತ್ತು ವರ್ಷ ಕುಂಡದ ಮುಂದೆ ಕೂತು ಮಾಡುವ ಈ ಕೆಲಸವನ್ನು ಒಂದು ಪಾಳುಗೋಡೆ, ಯಾರ ಗಮನಕ್ಕೂ ಬಾರದೆ, ಸಂಬಳವಿಲ್ಲದೆ ಮಾಡಿ ಮುಗಿಸಿದೆ!

ಜಪಾನಿನಲ್ಲಿ ಇಂಥ ಗಿಡಕ್ಕಾಗಿ ಜೀವ ಪಣಕ್ಕಿಟ್ಟವರಿದ್ದಾರೆ. ಗಾಳಿ, ಹಿಮ, ಬಂಡೆಗಳ ನಡುವೆ ನೂರಾರು ವರ್ಷ ಕುಗ್ಗಿ ತಿರುಚಿಕೊಂಡ ಜುನಿಪರ್ ಗಿಡಗಳನ್ನು ಹುಡುಕಿ ಹಗ್ಗ ಕಟ್ಟಿಕೊಂಡು ಕಡಿದಾದ ಬೆಟ್ಟಗಳಿಗೆ ಇಳಿಯುತ್ತಿದ್ದರು. ಬೆಟ್ಟದಿಂದ ತಂದ ಆ ಗಿಡಗಳಿಗೆ ಅಲ್ಲಿ ‘ಯಾಮದೋರಿ’ ಎನ್ನುತ್ತಾರೆ, ಬೋನ್ಸಾಯ್ ಲೋಕದಲ್ಲಿ ಅವಕ್ಕೇ ಹೆಚ್ಚು ಬೆಲೆ. ನಮಗೆ ಹಗ್ಗವೂ ಬೇಡ, ಬೆಟ್ಟವೂ ಬೇಡ. ಆಲ ಅರಳಿಗಳ ಲೆಕ್ಕದಲ್ಲಿ ನಮ್ಮ ಮೂರಂತಸ್ತಿನ ಕಟ್ಟಡವೇ ಒಂದು ಕಡಿದಾದ ಬಂಡೆ!

ಆದರೆ ಗೋಡೆಯ ಮೇಲೆ ಅರಳಿಯೇ ಏಕೆ? ಮಾವು, ನೇರಳೆ, ಹೊಂಗೆ ಏಕಿಲ್ಲ? ಇಲ್ಲೇ ಇರುವುದು ನನ್ನನ್ನು ದಂಗುಬಡಿಸಿದ ಸಂಗತಿ. ಪ್ರಪಂಚದಲ್ಲಿ ಎಂಟುನೂರರ ಆಸುಪಾಸು ಫೈಕಸ್ ಪ್ರಭೇದಗಳಿವೆ. ನಮ್ಮ ಅರಳಿ, ಆಲ, ಬಸರಿ, ಗೋಣಿ, ಅತ್ತಿ ಎಲ್ಲ ಆ ಕುಲದವೇ. ಅತ್ತಿಯ ದಾರಿ ಬೇರೆ, ಅದು ನೀರಿನ ಬಳಿ ನೆಲದಲ್ಲೇ ಹುಟ್ಟುತ್ತದೆ, ಪೇಟೆಯಲ್ಲಾದರೆ ಮೋರಿ ಬದಿಯಲ್ಲಿ. ಆದರೆ ಆಲ, ಅರಳಿ, ಬಸರಿಗಳು ಕಾಡಿನಲ್ಲಿ ಹುಟ್ಟುವುದು ಬಹುಪಾಲು ಬೇರೆ ಮರದ ಹೆಗಲ ಮೇಲೆ. ಕುಟ್ರುಹಕ್ಕಿ, ಪಿಕಳಾರ, ಕೋಗಿಲೆ, ಬಾವಲಿ ಹಣ್ಣು ತಿಂದು ಹಿಕ್ಕೆ ಹಾಕುತ್ತವೆ. ಸಾಸಿವೆಗಿಂತ ಸಣ್ಣ ಬೀಜ ಕೊಂಬೆಯ ಕವಲಿನ ಕಸಕಡ್ಡಿಯಲ್ಲಿ ಮೊಳೆಯುತ್ತದೆ. ನೆಲ ಎಲ್ಲೋ ಕೆಳಗಿದೆ, ನೀರು ಸಿಗುವುದು ಮಳೆ ಬಂದಾಗ ಮಾತ್ರ. ಹಾಗಾಗಿ ಎಳೆಯ ಗಿಡ ಮೇಲಕ್ಕೆ ಬೆಳೆಯುವ ಆತುರ ಬಿಟ್ಟು ಬೇರನ್ನು ಗೆಡ್ಡೆಯಂತೆ ಊದಿಸಿ ನೀರು ಕೂಡಿಡುತ್ತದೆ, ಬರ ತಡೆದುಕೊಂಡು ವರ್ಷಗಟ್ಟಲೆ ಕಾಯುತ್ತದೆ. ಕೊನೆಗೊಮ್ಮೆ ಬೇರು ನೆಲ ಮುಟ್ಟಿದರೆ ಮುಗಿಯಿತು, ಆಮೇಲೆ ಅದನ್ನು ತಡೆಯುವವರಿಲ್ಲ.

ಈಗ ಹಳೇ ಬೆಂಗಳೂರಿನ ಮನೆ ನೆನಪಿಸಿಕೊಳ್ಳಿ. ಮದ್ರಾಸ್ ತಾರಸಿ, ಸುಣ್ಣದ ಗಾರೆ. ಸುಣ್ಣದ ಗಾರೆ ಸಿಮೆಂಟಿನಷ್ಟು ಗಡುಸಲ್ಲ, ತೇವ ಹೀರಿ ಹಿಡಿದಿಡುತ್ತದೆ, ಕಾಲ ಕಳೆದಂತೆ ಪುಡಿಯಾಗಿ ಬೇರಿಗೆ ದಾರಿ ಬಿಡುತ್ತದೆ. ಹಕ್ಕಿ ಕೂರುವುದೂ ಪ್ಯಾರಪೆಟ್ ಮೇಲೆಯೇ. ಲಕ್ಷಾಂತರ ವರ್ಷ ಮರದ ಕವಲಿನಲ್ಲಿ ಬದುಕಲು ಕಲಿತ ಗಿಡಕ್ಕೆ ನಾವು ಕಟ್ಟಿದ ಮನೆ ಇನ್ನೊಂದು ಮರವಾಗಿ ಕಂಡರೆ ಅದರ ತಪ್ಪೇನು?

ಬೋನ್ಸಾಯ್ ಕುಂಡ ಈ ಗಿಡಕ್ಕೆ ಶಿಕ್ಷೆ ಅನ್ನುವವರಿದ್ದಾರೆ. ಬೆಟ್ಟದ ದೇವದಾರಿಗೆ ಆ ಮಾತು ಒಪ್ಪಬಹುದೇನೋ, ಗೋಡೆಯ ಅರಳಿಗಂತೂ ನಾನು ಒಪ್ಪಲಾರೆ. ಇಕ್ಕಟ್ಟಿನಲ್ಲಿ ಬಾಲ್ಯ ಕಳೆಯುವುದು ಅದರ ಹುಟ್ಟುಗುಣ. ಎರಡಂಗುಲ ಗಾರೆಯಲ್ಲಿದ್ದದ್ದಕ್ಕೆ ನಾಲ್ಕಂಗುಲದ ಕುಂಡ ಸಿಕ್ಕರೆ ಅದು ಬಡ್ತಿಯೇ ಸರಿ.

ಕೀಳುವ ಕೆಲಸ ನೋಡುವಂಥದ್ದು. ಹಳೇ ಮನೆ ಕೆಡವುವಲ್ಲಿ ಮೇಸ್ತ್ರಿಗೆ ಮೊದಲೇ ಹೇಳಿಟ್ಟಿರಬೇಕು. ಅವರಿಗೂ ಇದರಿಂದ ಒಂದು ಸಂಕಟ ತಪ್ಪುತ್ತದೆ, ಏಕೆಂದರೆ ಅರಳಿಗೆ ಕೊಡಲಿ ಹಾಕಲು ಕೈ ಬಾರದವರು ನಮ್ಮಲ್ಲಿ ಇನ್ನೂ ಬಹಳ ಜನ. ‘ಬೇರೆ ಕಡೆ ನೆಡ್ತೀರಾ ಅಂದ್ರೆ ತಗೊಂಡೋಗಿ ಸ್ವಾಮಿ, ನಾನಂತೂ ಕಡಿಯಲ್ಲ’ ಅನ್ನುತ್ತಾರೆ. ಉಳಿ, ಸುತ್ತಿಗೆ ಹಿಡಿದು ಗಿಡವನ್ನು ಮುಟ್ಟದೆ ಸುತ್ತಲಿನ ಇಟ್ಟಿಗೆಯನ್ನು ಒಂದೊಂದಾಗಿ ಬಿಡಿಸಬೇಕು. ಎಳೆದರೆ ಕೆಟ್ಟಿತು, ಸಣ್ಣ ಬೇರೆಲ್ಲ ಗೋಡೆಯಲ್ಲೇ ಉಳಿದುಬಿಡುತ್ತವೆ. ಒಂದೆರಡು ಇಟ್ಟಿಗೆ ಸರಿದಾಗ ಒಳಗಿನ ಚಿತ್ರ ಕಾಣುತ್ತದೆ: ಬೇರಿನ ಮೇಲೆ ಇಟ್ಟಿಗೆಯ ಅಂಚಿನ ಅಚ್ಚು ಹಾಗೇ ಮೂಡಿರುತ್ತದೆ, ನಡುವೆ ಗಾರೆಯ ಬಿಳಿ ಪುಡಿ ಮೆತ್ತಿರುತ್ತದೆ. ದಪ್ಪ ಬೇರನ್ನು ಗರಗಸದಿಂದ ಕೊಯ್ದ ಕೂಡಲೇ ಹಾಲು ಸುರಿಯುತ್ತದೆ, ಬೆರಳಿಗೆ ಅಂಟಿದರೆ ಸಂಜೆವರೆಗೂ ಹೋಗುವುದಿಲ್ಲ. ಗಾಯಕ್ಕೆ ನೀರು ಚಿಮುಕಿಸಿ, ಎಲೆಗಳನ್ನೆಲ್ಲ ಕತ್ತರಿಸಿ ಹಾಕಿ, ಬುಡಕ್ಕೆ ಒದ್ದೆ ಗೋಣಿಚೀಲ ಸುತ್ತಿದರೆ ಗಿಡ ಪ್ರಯಾಣಕ್ಕೆ ಸಿದ್ಧ.

ಎಲೆ ಇಲ್ಲ, ಬೇರಿನ ಮುಕ್ಕಾಲು ಪಾಲು ಇಲ್ಲ, ಕೈಯಲ್ಲಿರುವುದು ಒಂದು ಕೊರಡು. ಇದನ್ನು ಇಟ್ಟಿಗೆ ಚೂರು, ಸಣ್ಣ ಜಲ್ಲಿ, ಸ್ವಲ್ಪ ಗೊಬ್ಬರ ಬೆರೆಸಿದ, ನೀರು ನಿಲ್ಲದ ಮಿಶ್ರಣದಲ್ಲಿ ಅಲ್ಲಾಡದಂತೆ ಕಟ್ಟಿ, ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಲ್ಲಿಡುತ್ತಾರೆ. ಬೇಸಿಗೆಯ ಕೊನೆ, ಮುಂಗಾರಿನ ಮೊದಲು ಇದಕ್ಕೆ ಒಳ್ಳೇ ಕಾಲ. ಬಿಸಿಯೂ ತೇವವೂ ಸೇರಿದರೆ ಈ ಕುಲ ಚುರುಕಾಗುತ್ತದೆ. ಕೆಲವು ವಾರ ಏನೂ ಆಗುವುದಿಲ್ಲ. ಆಮೇಲೊಂದು ದಿನ, ಕಣ್ಣೇ ಇಲ್ಲದ ಬೋಳು ತೊಗಟೆ ಒಡೆದು ತಾಮ್ರದ ಬಣ್ಣದ ಚಿಗುರು ಹೊರಬರುತ್ತದೆ. ಕೊಂಬೆಯ ತುದಿಯಲ್ಲಲ್ಲ, ಕೊರಡಿನ ನಟ್ಟನಡುವೆ! ಪೈನ್ ಮರಕ್ಕೆ ಈ ಗತಿ ಮಾಡಿದ್ದರೆ ಅದು ಸತ್ತೇ ಹೋಗುತ್ತಿತ್ತು.

ಮುಂದಿನದು ಇನ್ನೂ ಸೋಜಿಗ. ಬಯಲಲ್ಲಿ ಅಂಗೈಯಗಲ ಬರುವ ಅರಳಿ ಎಲೆ, ಕುಂಡದಲ್ಲಿ ಎಲೆ ಕಿತ್ತು ಚಿಗುರಿಸಿ ಪಳಗಿಸಿದಾಗ ಎರಡು ಬೆರಳಗಲಕ್ಕೆ ಇಳಿಯುತ್ತದೆ, ಬಾಲದ ತುದಿ ಸಮೇತ. ಆದರೆ ಹಣ್ಣು ಮಾತ್ರ ಜಪ್ಪಯ್ಯ ಎಂದರೂ ಕಿರಿದಾಗುವುದಿಲ್ಲ! ಒಂದಡಿ ಎತ್ತರದ ಅತ್ತಿ ಬೋನ್ಸಾಯ್‌ನಲ್ಲಿ ಕಾಯಿ ಬಿಟ್ಟರೆ ಅದು ದೊಡ್ಡ ಮರದ ಕಾಯಿಯಷ್ಟೇ ದೊಡ್ಡದು, ಮೊಣಕೈ ಗಾತ್ರದ ಕಾಂಡಕ್ಕೆ ಗೊಂಚಲು ಗೊಂಚಲಾಗಿ ಅಂಟಿಕೊಂಡಿರುತ್ತದೆ.

ಆ ಕಾಯಿ ಹಣ್ಣಾಗಿ ಬೀಜ ಕಟ್ಟಬೇಕಾದರೆ ಕಣಜ ಬರಬೇಕು. ಎಳ್ಳಿನಷ್ಟು ಸಣ್ಣ ಕೀಟ. ಬಹುಪಾಲು ಪ್ರಭೇದಗಳಿಗೆ ತಮ್ಮದೇ ಪ್ರತ್ಯೇಕ ಕಣಜ, ಅರಳಿಯದು ಅತ್ತಿಗಾಗುವುದಿಲ್ಲ. ಹೂಗಳೆಲ್ಲ ಕಾಯಿಯ ಒಳಗಿವೆ, ಹೆಣ್ಣು ಕಣಜ ಕಾಯಿಯ ತುದಿಯ ಕಿಂಡಿಯಲ್ಲಿ ನುಸುಳುವಾಗ ರೆಕ್ಕೆ ಮುರಿದುಕೊಳ್ಳುತ್ತದೆ, ಮತ್ತೆ ಹೊರಬರುವುದಿಲ್ಲ. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿರುವ ಒಂದೇ ಒಂದು ಕುಂಡವನ್ನು ಅದು ಹುಡುಕೀತೇ? ಅತ್ತಿಯ ಆಫ್ರಿಕಾದ ಬಂಧುವಿನ ಕಣಜಗಳು ನಮೀಬಿಯಾದ ಮರುಭೂಮಿಯಲ್ಲಿ ಗಾಳಿಯ ಜತೆ ತೇಲಿ 160 ಕಿಲೋಮೀಟರ್ ದೂರದ ಮರ ತಲುಪುತ್ತವೆ ಎಂದು ವಿಜ್ಞಾನಿಗಳು 2009ರಲ್ಲಿ ತೋರಿಸಿಕೊಟ್ಟರು. ಬದುಕುವುದೇ ಒಂದೆರಡು ದಿನ! ಆ ಲೆಕ್ಕದಲ್ಲಿ ಜಯನಗರದಿಂದ ಮಲ್ಲೇಶ್ವರ ಯಾವ ಮಹಾ ದೂರ? ಇನ್ನು ಅತ್ತಿಕಾಯಿಯನ್ನು ಹೊರಗಿನಿಂದಲೇ ಕೊರೆದು ಒಳಗೆ ಮೊಟ್ಟೆಯಿಡುವ ಪರಾವಲಂಬಿ ಕಣಜವೊಂದಿದೆ. ಕೂದಲಿಗಿಂತ ಸಪೂರವಾದ ಅದರ ಕೊರೆಗೋಲಿನ ತುದಿಯಲ್ಲಿ ಸತುವಿನ ಅಂಶವಿದೆ ಎಂದು 2014ರಲ್ಲಿ ಪ್ರಕಟಿಸಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು. ಲೋಹದ ತುದಿಯ ಸೂಜಿ ಹೊತ್ತ ಕೀಟ ನಮ್ಮ ಮೋರಿ ಬದಿಯ ಅತ್ತಿಗೆ ಬಂದು ಹೋಗುತ್ತಿದೆ, ನಾವು ಸೊಳ್ಳೆಯೆಂದು ಕೈ ಬೀಸುತ್ತಿದ್ದೇವೆ!

ಆಲದ ಬಿಳಲಿನದೂ ಒಂದು ಕಥೆ. ತೇವವಿದ್ದರೆ ಕುಂಡದ ಪುಟ್ಟ ಆಲವೂ ದಾರದಂಥ ಬಿಳಲು ಇಳಿಬಿಡುತ್ತದೆ. ಬೆಳೆಸುವವರು ಜ್ಯೂಸ್ ಕುಡಿಯುವ ಸ್ಟ್ರಾ ಉದ್ದಕ್ಕೆ ಸೀಳಿ, ಒದ್ದೆ ಪಾಚಿ ತುಂಬಿ, ಬಿಳಲನ್ನು ಅದರೊಳಗೆ ಮಣ್ಣಿನವರೆಗೆ ನಡೆಸುತ್ತಾರೆ. ಮಣ್ಣು ಮುಟ್ಟಿ ಬೇರೂರಿದ ಮೇಲೆ ಬಿಳಲು ತಾನೇ ಕುಗ್ಗಿ ಬಿಗಿಯಾಗುತ್ತದೆ, ದಪ್ಪವಾಗಿ ಕಂಬವಾಗುತ್ತದೆ. ಒಂದಕ್ಕೊಂದು ತಾಗಿದ ಬಿಳಲುಗಳು ಬೆಸೆದು ಒಂದೇ ಕಾಂಡವಾಗುತ್ತವೆ. ಬೆಂಗಳೂರಿನ ಹತ್ತಿರದ ಕೇತೋಹಳ್ಳಿಯ ದೊಡ್ಡ ಆಲದ ಮರ ಮೂರು ಎಕರೆ ಹಬ್ಬಿದ್ದು, ತಾಯಿಕಾಂಡ ರೋಗ ಬಂದು ಸತ್ತಮೇಲೂ ಬದುಕಿರುವುದು ಇದೇ ವಿದ್ಯೆಯಿಂದ. ತಟ್ಟೆಯಗಲದ ಕುಂಡದಲ್ಲಿ ನಡೆಯುವುದೂ ಅದೇ, ಕಿಂಚಿತ್ತೂ ವ್ಯತ್ಯಾಸವಿಲ್ಲ.

ಅಂದಹಾಗೆ, ಕುಂಡದಲ್ಲಿ ಅರಳಿ ನೆಡುವುದು ಜಪಾನಿನಿಂದ ಬಂದ ಶೋಕಿಯೇನಲ್ಲ. ಬೋಧಗಯೆಯ ಅರಳಿಯ ಕೊಂಬೆಯನ್ನು ಅಶೋಕನ ಮಗಳು ಸಂಘಮಿತ್ರೆ ಚಿನ್ನದ ಕುಂಡದಲ್ಲಿ ಹಡಗು ಹತ್ತಿಸಿ ಸಿಂಹಳಕ್ಕೆ ಒಯ್ದಳೆಂದು ‘ಮಹಾವಂಸ’ ಹೇಳುತ್ತದೆ. ಅನುರಾಧಪುರದಲ್ಲಿ ಆ ಮರ ಇವತ್ತಿಗೂ ಪೂಜೆಗೊಳ್ಳುತ್ತಿದೆ.

ಪಳಗಿದ ಗಿಡಗಳನ್ನು ಕಣ್ಣಾರೆ ನೋಡಬೇಕೆಂದರೆ ಲಾಲ್‌ಬಾಗಿನ ಬೋನ್ಸಾಯ್ ತೋಟವಿದೆ, ಮೈಸೂರಿನ ಅವಧೂತ ದತ್ತಪೀಠದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವಿದೆ. ನೋಡಿ ಬಂದಮೇಲೆ ಗೋಡೆಗಳನ್ನು ನೋಡುವ ನಿಮ್ಮ ಕಣ್ಣೇ ಬೇರೆಯಾಗಿರುತ್ತದೆ, ಅದಕ್ಕೆ ನಾನು ಹೊಣೆಯಲ್ಲ!

ಕೆಲವು ಮಾತು ಮಾತ್ರ ನೆನಪಿರಲಿ. ದೇವಸ್ಥಾನದ ಗೋಪುರ, ಕೋಟೆ, ಸ್ಮಾರಕಗಳ ಮೇಲಿನ ಗಿಡಕ್ಕೆ ಕೈ ಹಾಕಬೇಡಿ, ಬೇರಿನ ಜತೆ ಕಲ್ಲೂ ಕಿತ್ತು ಬಂದೀತು. ಅದನ್ನು ಮಾಡಲು ತಿಳಿದವರು ಬೇರೆ ಇದ್ದಾರೆ. ಕಾಡಿನ ಗಿಡವನ್ನಂತೂ ಮುಟ್ಟಲೇಬೇಡಿ. ಪೇಟೆಯಲ್ಲಿ ಮನೆಯ ಯಜಮಾನರ ಒಪ್ಪಿಗೆಯಿಲ್ಲದೆ ಏಣಿ ಹಾಕಬೇಡಿ. ಆದರೆ ನಿಮ್ಮ ಬೀದಿಯಲ್ಲಿ ಹಳೇ ಮನೆಯೊಂದಕ್ಕೆ ತಗಡಿನ ಬೇಲಿ ಬಿದ್ದು ಜೆಸಿಬಿ ಬಂದು ನಿಂತಿದೆ ಅಂದರೆ ಅದರ ಪ್ಯಾರಪೆಟ್ ಮೇಲೊಮ್ಮೆ ಕಣ್ಣಾಡಿಸಿ. ಗಿಡ ಕಂಡರೆ ಅವತ್ತೇ ಮೇಸ್ತ್ರಿಯನ್ನು ಮಾತಾಡಿಸಿ. ಮರುದಿನಕ್ಕೆ ಬಿಟ್ಟರೆ ಗೋಡೆಯೂ ಇರುವುದಿಲ್ಲ, ಗಿಡವೂ ಇರುವುದಿಲ್ಲ.