ಆಫರ್ ಲೆಟರ್ ಬಂದಿದೆ, ದುಡ್ಡು ಯಾರು ಕೊಡಬೇಕು?

ಹೈದರಾಬಾದಿನ ಸನತ್‌ನಗರದ ರೈಲು ನಿಲ್ದಾಣ ಸಿಕಂದರಾಬಾದ್–ವಾಡಿ ಮಾರ್ಗದಲ್ಲಿದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಕೆಲಸ ಹುಡುಕಿಕೊಂಡು ಬರುವವರು ಹಾದು ಹೋಗುವ ನಿಲ್ದಾಣ ಇದು. ಸುತ್ತಲಿನ ಬಡಾವಣೆಗಳಲ್ಲಿ ಕೋಣೆ ಹಿಡಿದು, ಹೋಟೆಲುಗಳಲ್ಲಿ ಸ್ಟುವರ್ಡ್, ಅಡುಗೆ ಸಹಾಯಕ, ಹೌಸ್‌ಕೀಪಿಂಗ್ ಎಂದು ದುಡಿಯುವ ಹುಡುಗ ಹುಡುಗಿಯರಿಗೆ ಇವತ್ತಲ್ಲ ನಾಳೆ ದುಬೈಗೋ ಲಂಡನ್ನಿಗೋ ಹೋಗುವ ಆಸೆ ಇರುತ್ತದೆ. ಆಸೆ ತಪ್ಪಲ್ಲ. ಅದನ್ನೇ ಬಂಡವಾಳ ಮಾಡಿಕೊಂಡವರ ಲೆಕ್ಕಾಚಾರ ಹೇಗಿರುತ್ತದೆಂದು ತಿಳಿದಿರಬೇಕು, ಅಷ್ಟೇ.

ನೀವು ಉದ್ಯೋಗ ಜಾಲತಾಣಕ್ಕೆ ಹಾಕಿದ ಬಯೋಡೇಟಾದಿಂದಲೇ ಅವರ ಕೆಲಸ ಶುರು. ನಿಮ್ಮ ಹೆಸರು, ಅನುಭವ, ನಂಬರ್ ಎಲ್ಲ ಅದರಲ್ಲಿದೆ. ವಾಟ್ಸಾಪಿನಲ್ಲಿ ಸಂದೇಶ ಬರುತ್ತದೆ, ಫೋನಿನಲ್ಲಿ ಹತ್ತು ನಿಮಿಷದ ‘ಇಂಟರ್‌ವ್ಯೂ’ ಆಗುತ್ತದೆ, ಮರುದಿನವೇ ದೊಡ್ಡ ಹೋಟೆಲಿನ ಲೋಗೊ ಇರುವ ಆಫರ್ ಲೆಟರ್. ಊಟ, ವಸತಿ, ವಿಮಾನದ ಟಿಕೆಟ್ ಎಲ್ಲವೂ ಉಚಿತ ಎಂದು ಬರೆದಿರುತ್ತದೆ. ಇಲ್ಲಿವರೆಗೆ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಲೆಟರ್ ತಯಾರಿಸಲು ಅವರಿಗೆ ಖರ್ಚೇ ಇಲ್ಲ. ವ್ಯಾಪಾರ ಇರುವುದು ಆಮೇಲೆ.

ಮೊದಲು ‘ಫೈಲ್ ಚಾರ್ಜ್’ ಎಂದು ಸಣ್ಣ ಮೊತ್ತ. ನಂತರ ಮೆಡಿಕಲ್, ಇನ್ಶೂರೆನ್ಸ್, ‘ಎಂಬೆಸಿ ಕ್ಲಿಯರೆನ್ಸ್’, ‘ವಾಪಸ್ ಬರುವ ಡಿಪಾಸಿಟ್’. ಹಿಂದಿನದಕ್ಕಿಂತ ಮುಂದಿನದು ದೊಡ್ಡದು, ಎಲ್ಲಕ್ಕೂ ಇವತ್ತೇ ಕಡೇ ದಿನ. ಮನೆಯವರ ಒಡವೆ ಅಡವಿಟ್ಟು ಇಪ್ಪತ್ತು ಸಾವಿರ ಕಟ್ಟಿದವನಿಗೆ, ಈಗ ನಿಲ್ಲಿಸಿದರೆ ಅದೂ ಹೋಯಿತಲ್ಲ ಎಂಬ ಚಿಂತೆ. ಆ ಚಿಂತೆಯೇ ಮುಂದಿನ ಕಂತನ್ನು ಕಟ್ಟಿಸುತ್ತದೆ. ಕೊನೆಗೊಂದು ನಕಲಿ ವೀಸಾ, ಜೊತೆಗೆ ವಿಮಾನದ ಪಿಎನ್ಆರ್. ದುಡ್ಡು ಕಟ್ಟದೆ ಬರೀ ಕಾಯ್ದಿರಿಸಿದ ಸೀಟಿಗೂ ಪಿಎನ್ಆರ್ ಬರುತ್ತದೆ. ದುಡ್ಡು ಕಟ್ಟಿದ ಟಿಕೆಟ್ಟಿಗೆ 13 ಅಂಕಿಯ ಟಿಕೆಟ್ ಸಂಖ್ಯೆ ಇರುತ್ತದೆ. ಅದನ್ನು ಕೇಳದವರಿಗೆ ಸತ್ಯ ತಿಳಿಯುವುದು ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ.

ಲಂಡನ್ ಹೋಟೆಲಿನ ಆಫರ್ ಆಗಿದ್ದರೆ ಪರೀಕ್ಷೆ ಸುಲಭ. ಬ್ರಿಟನ್ನಿನ ‘ಸ್ಕಿಲ್ಡ್ ವರ್ಕರ್’ ವೀಸಾ ವೇಟರ್, ರೂಮ್ ಬಾಯ್, ಕಿಚನ್ ಹೆಲ್ಪರ್ ಕೆಲಸಗಳಿಗೆ ಸಿಗುವುದೇ ಇಲ್ಲ. ಬಾಣಸಿಗರಿಗೆ ಇದ್ದ ಅವಕಾಶವನ್ನೂ ಹೊಸದಾಗಿ ಹೊರಗಿನಿಂದ ಬರುವವರಿಗೆ 2025ರ ಜುಲೈ 22ರಿಂದ ಮುಚ್ಚಿದ್ದಾರೆ. ಅಲ್ಲಿಯ ಸರ್ಕಾರ, ಹೊರಗಿನವರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಪರವಾನಗಿ ಪಡೆದ ಮಾಲೀಕರ ಪಟ್ಟಿಯನ್ನು ತನ್ನ ಜಾಲತಾಣದಲ್ಲೇ ಇಟ್ಟಿದೆ, ಯಾರು ಬೇಕಾದರೂ ನೋಡಬಹುದು. ಯುಎಇಯಲ್ಲಿ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವುದನ್ನು ಕಾನೂನೇ ನಿಷೇಧಿಸಿದೆ. ‘ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ’ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಕ್ರೂಸ್ ಹಡಗಿನ ಕೆಲಸವಾದರೆ ಏಜೆನ್ಸಿಗೆ ಶಿಪ್ಪಿಂಗ್ ಮಹಾನಿರ್ದೇಶನಾಲಯದ ಆರ್‌ಪಿಎಸ್ಎಲ್ ಪರವಾನಗಿ ಇರಬೇಕು, ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ಪಡೆಯುವಂತಿಲ್ಲ.

ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ಆಳು ಕಳಿಸುವ ಏಜೆಂಟನಿಗೆ ವಿದೇಶಾಂಗ ಸಚಿವಾಲಯದ ನೋಂದಣಿ ಬೇಕು. ಹಾಗೆ ನೋಂದಣಿಯಾದವರೂ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ, ರಸೀದಿ ಕೊಡಲೇಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟನ ಹೆಸರು ಹುಡುಕಿದರೆ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ‘ನಾನು ಅವರ ಕಡೆಯವನು’ ಎನ್ನುವ ಸಬ್‌ಏಜೆಂಟನಿಗೆ ಈ ವ್ಯವಸ್ಥೆಯಲ್ಲಿ ಜಾಗವೇ ಇಲ್ಲ.

ಇಲ್ಲೊಂದು ಸಂಗತಿಯನ್ನು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು ಮುಖ್ಯವಾಗಿ ಗಮನಿಸಬೇಕು. ಗಲ್ಫ್ ಸೇರಿ 18 ದೇಶಗಳಿಗೆ ಹೋಗುವ ಮೊದಲು ವಲಸೆ ಅನುಮತಿ ಬೇಕಿರುವುದು ಹೆಚ್ಚಾಗಿ ಹತ್ತನೇ ತರಗತಿ ಪಾಸಾಗದವರಿಗೆ. ಅವರ ಒಪ್ಪಂದದ ಕಾಗದವನ್ನು ಸರ್ಕಾರಿ ಅಧಿಕಾರಿಗಳು ಒಮ್ಮೆ ನೋಡಿರುತ್ತಾರೆ. ಹತ್ತನೇ ತರಗತಿ ಮುಗಿಸಿದವರಿಗೆ ಆ ಅನುಮತಿಯ ಅಗತ್ಯವಿಲ್ಲ, ಹಾಗಾಗಿ ಅವರ ಕಾಗದವನ್ನು ಯಾರೂ ನೋಡುವುದಿಲ್ಲ. ಓದಿದವರೇ ಹೆಚ್ಚು ಒಂಟಿಯಾಗಿ ಹೋಗುತ್ತಾರೆ ಎಂಬುದು ನನಗೆ ಬಹಳ ಕಳವಳ ತರುವ ವಿಷಯ.

ದುಡ್ಡು ಹೋಗುವುದಷ್ಟೇ ಆದರೆ ಅದೃಷ್ಟ. ಕಲಬುರಗಿಯ ಕೆಲವು ಯುವಕರನ್ನೂ ತೆಲಂಗಾಣದ ನಾರಾಯಣಪೇಟೆಯ ಒಬ್ಬನನ್ನೂ ರಷ್ಯಾದಲ್ಲಿ ಕೆಲಸವಿದೆ ಎಂದು ಕರೆದೊಯ್ದು ಯುದ್ಧಕ್ಕೆ ತಳ್ಳಿದರು. ಆಮಿಷ ಬಂದದ್ದು ಯೂಟ್ಯೂಬ್ ಮೂಲಕ. ಹಾಗೆಯೇ ಹೋದ ಹೈದರಾಬಾದಿನ ಯುವಕನೊಬ್ಬ ಅಲ್ಲಿ ಜೀವ ಕಳೆದುಕೊಂಡ ಸುದ್ದಿ ಬಂದದ್ದು 2024ರ ಮಾರ್ಚ್‌ನಲ್ಲಿ. ಅದೇ ತಿಂಗಳು ಸಿಬಿಐ ಪ್ರಕರಣ ದಾಖಲಿಸಿತು. ಕಲಬುರಗಿಯ ಯುವಕರು ಊರು ಸೇರಿದ್ದು ಸೆಪ್ಟೆಂಬರಿನಲ್ಲಿ.

ನೇರ ದಾರಿಗಳೂ ಇವೆ. ತೆಲಂಗಾಣ ಸರ್ಕಾರದ್ದೇ ಟಾಮ್‌ಕಾಮ್ ಎಂಬ ಕಂಪನಿ ವಿದೇಶಿ ಕೆಲಸಗಳಿಗೆ ಆಯ್ಕೆ ನಡೆಸುತ್ತದೆ. ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಆಫರ್ ಬಂದ ಹೋಟೆಲಿನ ಅಧಿಕೃತ ಜಾಲತಾಣದಿಂದ ನಂಬರ್ ತೆಗೆದು, ಅಲ್ಲಿಯ ಎಚ್‌ಆರ್ ವಿಭಾಗಕ್ಕೆ ನೀವೇ ಫೋನ್ ಮಾಡಿ ಕೇಳಿ. ಲೆಟರಿನಲ್ಲಿರುವ ನಂಬರಿಗೆ ಮಾಡಿದರೆ ಎತ್ತುವವನು ಅದೇ ಮೋಸಗಾರ.

ಈಗಾಗಲೇ ಹಣ ಹಾಕಿದ್ದರೆ ನಾಚಿಕೆಪಡುತ್ತಾ ಕೂರಬೇಡಿ. ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ಚಾಟ್ ಅಳಿಸಬೇಡಿ, ಪಾವತಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸನತ್‌ನಗರ ಠಾಣೆಗೆ ಹೋದಾಗ ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದರೆ ಝೀರೋ ಎಫ್‌ಐಆರ್ ದಾಖಲಿಸಲು ಕೇಳಿ, ಈಗಿನ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಕೆಲವು ದಿನಗಳಾದ ಮೇಲೆ, ಕಳೆದುಹೋದ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ ಎಂದು ಇನ್ನೊಂದು ಕರೆ ಬರಬಹುದು. ಪೊಲೀಸರಾಗಲಿ ಬ್ಯಾಂಕಾಗಲಿ ಅದಕ್ಕೆ ಶುಲ್ಕ ಕೇಳುವುದಿಲ್ಲ.