80 ಲಕ್ಷದ ಫ್ಲ್ಯಾಟಿಗೆ ಕೈಯಲ್ಲಿ ಎಷ್ಟಿರಬೇಕು?

ಬೆಂಗಳೂರಲ್ಲಿ ಮೊದಲ ಮನೆ ತಗೊಳ್ಳೋರಿಗೆ ಇಎಂಐಗಿಂತ ದೊಡ್ಡ ತಲೆನೋವು ಯಾವುದು ಗೊತ್ತಾ? ಇಎಂಐ ಶುರುವಾಗೋಕೆ ಮುಂಚೆ ಕೈಯಿಂದ ಹಾಕಬೇಕಾದ ದುಡ್ಡು.

ಲೆಕ್ಕ ನೋಡಿ. ಫ್ಲ್ಯಾಟ್ ಬೆಲೆ 80 ಲಕ್ಷ. ರಿಸರ್ವ್ ಬ್ಯಾಂಕ್ ನಿಯಮದಂತೆ ಇಷ್ಟಕ್ಕೆ ಸಾಲ ಸಿಗೋದು ಹೆಚ್ಚೆಂದರೆ ಶೇ 80, ಅಂದ್ರೆ 64 ಲಕ್ಷ. ಉಳಿದ 16 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ ಶೇ 1 ಇತ್ತು. 2025ರ ಆಗಸ್ಟ್ 31ರಿಂದ ಶೇ 2. ಎಲ್ಲಾ ಸೇರಿ 6 ಲಕ್ಷದ ಮೇಲೆ ಚಿಲ್ಲರೆ. ಇದನ್ನ ಸಾಲದ ಲೆಕ್ಕಕ್ಕೆ ಸೇರಿಸೋ ಹಾಗಿಲ್ಲ. ಕಟ್ಟಡ ಇನ್ನೂ ಏಳ್ತಾ ಇದ್ರೆ ಶೇ 5 ಜಿಎಸ್‌ಟಿ, ಇನ್ನೊಂದು 4 ಲಕ್ಷ.

26 ಲಕ್ಷ! ತಿಂಗಳು ತಿಂಗಳು ಬಾಡಿಗೆ ಕಟ್ಟಿ, ಓನರ್ ಹತ್ರ ಅಡ್ವಾನ್ಸ್ ಬೇರೆ ಇಟ್ಟು, ಇಷ್ಟು ಕೂಡಿಡೋದು ಹೇಗೆ? ಅದಕ್ಕೇ ಊರಿನ ಜಮೀನು, ಅಮ್ಮನ ಒಡವೆ ಮಾತಿಗೆ ಬರೋದು. ಆಮೇಲೆ 20 ವರ್ಷ, ಶೇ 8.5 ಬಡ್ಡಿ ಹಿಡಿದರೂ ಕಂತು ಸುಮಾರು 55,500 ರೂಪಾಯಿ.

ಜಿಎಸ್‌ಟಿ ಶೇ 1 ಮಾತ್ರ ಇರೋ ‘ಕೈಗೆಟುಕುವ ಮನೆ’ ಇದೆಯಲ್ಲ ಅಂತೀರಾ? ಅದರ ಮಿತಿ 45 ಲಕ್ಷ, ಅದೂ 2019ರಲ್ಲಿ ಹಾಕಿದ್ದು. ಮೆಟ್ರೋ ಪಕ್ಕದಲ್ಲಿ ಆ ರೇಟಿಗೆ ಹೊಸ ಟೂ ಬಿಎಚ್‌ಕೆ ಸಿಕ್ಕರೆ ನನಗೂ ಹೇಳಿ.

ಒಂದು ನೆನಪಿಡಿ: ಕರಾರುಪತ್ರ ನೋಂದಣಿ ಆಗೋ ಮುಂಚೆ ಬಿಲ್ಡರ್ ಶೇ 10ಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ, ರೆರಾ ಕಾಯ್ದೆಯಲ್ಲೇ ಇದೆ. ‘ಆಫರ್ ಈ ವಾರ ಮಾತ್ರ ಸಾರ್’ ಅಂದರೂ ಕೊಡಬೇಡಿ.