ವಿಮಾನ ಇಳಿದ ಮೇಲೂ ಒಂದು ಬಸ್ಸಿದೆ

ಅಪ್ಪ ಅಮ್ಮನನ್ನು ಒಂದ್ಸಲ ವಿಮಾನ ಹತ್ತಿಸಬೇಕು. ಕೆಲಸಕ್ಕೆ ಸೇರಿದ ದಿನದಿಂದ ನನಗಿದ್ದ ಆಸೆ ಇದು. ಮಧುಗಿರಿಯಲ್ಲಿ ಬೆಳೆದು, ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರೋ ನನ್ನಂಥ ಮೂವತ್ತರ ಆಸುಪಾಸಿನವರಿಗೆ ಈ ಆಸೆ ಹೊಸದೇನಲ್ಲ. ಕಳೆದ ವರ್ಷ ಅದು ಕೈಗೂಡಿತು. ಥಾಯ್ಲೆಂಡಿನ ಫುಕೆಟ್‌ಗೆ ನಾಲ್ಕು ರಾತ್ರಿಯ ಪ್ಯಾಕೇಜ್. ವಿಮಾನ, ರೆಸಾರ್ಟ್, ಬೆಳಗಿನ ತಿಂಡಿ, ಏರ್‌ಪೋರ್ಟ್ ಟ್ರಾನ್ಸ್‌ಫರ್ ಎಲ್ಲಾ ಸೇರಿ ಒಂದೇ ರೇಟು.

ಹೊರಡೋ ಮುಂಚೆ ಎಕ್ಸೆಲ್ ಶೀಟ್ ಮಾಡಿದ್ದೆ. ಅಪ್ಪನ ಬಿಪಿ ಮಾತ್ರೆ, ಅಮ್ಮನ ಶುಗರ್ ಮಾತ್ರೆ, ಚಟ್ನಿಪುಡಿ, ಪಾಸ್‌ಪೋರ್ಟ್ ಜೆರಾಕ್ಸ್, ಎಲ್ಲಕ್ಕೂ ಒಂದೊಂದು ಸಾಲು. ಟ್ರಾನ್ಸ್‌ಫರ್ ಎದುರು ಮಾತ್ರ ‘ಇನ್‌ಕ್ಲೂಡೆಡ್’ ಅಂತ ಬರೆದು ಮುಂದಕ್ಕೆ ಹೋಗಿದ್ದೆ. ಪೆಟ್ಟು ಬಿದ್ದದ್ದು ಅಲ್ಲೇ.

ಮನೆಯಿಂದ ಏರ್‌ಪೋರ್ಟ್‌ವರೆಗಿನ ದಾರಿ ಸಲೀಸು. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಬಂದಮೇಲೆ ನಮ್ಮ ಕಡೆಯವರಿಗೆ ಬೆಂಗಳೂರಿನ ಟ್ರಾಫಿಕ್ ತಪ್ಪಿದೆ. ಮಧುಗಿರಿಯಿಂದ ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ಹೋದರೆ ಆಯ್ತು. ಶಿರಾದವರು ಹೆದ್ದಾರಿ ಹಿಡಿದು ದಾಬಸ್‌ಪೇಟೆಯಲ್ಲಿ ತಿರುಗಬಹುದು. ನಾವು ಬಾಡಿಗೆ ಕಾರಲ್ಲಿ ಹೋದ್ವಿ. ದಾರಿಯಲ್ಲಿ ನಾನು ನೀರು ಕೊಟ್ಟಾಗ ಅಮ್ಮ, “ಬೇಡ ಕಣೋ, ಬಾಯಾರಿಕೆ ಇಲ್ಲ” ಅಂದರು. ವಿಮಾನದಲ್ಲೂ ಅದೇ ಮಾತು.

ಬೆಳಗ್ಗೆ ಫುಕೆಟ್‌ನಲ್ಲಿ ಇಳಿದಾಗ ಮೂವರಿಗೂ ನಿದ್ದೆ ಇಲ್ಲ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಹೊರಗೆ ಬೋರ್ಡ್ ಹಿಡಿದು ನಿಂತಿದ್ದ ಹುಡುಗ ನಗುನಗ್ತಾ ದೊಡ್ಡ ಬಸ್ಸು ಹತ್ತಿಸಿದ. ಆಮೇಲೆ ಬಸ್ಸು ಹೊರಡಲೇ ಇಲ್ಲ. ಇನ್ನೊಂದು ವಿಮಾನದವರು ಬರಬೇಕಂತೆ. ಒಂದು ಗಂಟೆ ಆಯ್ತು. “ಇದೇನೋ, ನಮ್ಮ ಪ್ರೈವೇಟ್ ಬಸ್ಸಿನ ಥರ ಸೀಟು ತುಂಬೋವರೆಗೂ ಬಿಡೋ ಹಂಗೆ ಕಾಣ್ತಿಲ್ವಲ್ಲೋ” ಅಂದರು ಅಪ್ಪ. ಅವರು ತಮಾಷೆಗೆ ಅಂದದ್ದು, ಆದರೆ ಲೆಕ್ಕ ಸರಿಯಾಗೇ ಇತ್ತು.

ನನ್ನ ವೋಚರ್‌ನಲ್ಲಿ ‘ಎಸ್‌ಐಸಿ’ ಅಂತ ಮೂರಕ್ಷರ ಇತ್ತು. ಸೀಟ್ ಇನ್ ಕೋಚ್. ಅಂದ್ರೆ ನಾವು ದುಡ್ಡು ಕೊಟ್ಟಿರೋದು ಗಾಡಿಗಲ್ಲ, ಅದರಲ್ಲಿ ಮೂರು ಸೀಟಿಗೆ. ಎರಡು ಮೂರು ವಿಮಾನದವರನ್ನು ಸೇರಿಸಿಕೊಂಡು, ಹೋಟೆಲ್ ಹೋಟೆಲ್‌ಗೂ ನಿಲ್ಲಿಸ್ತಾ ಹೋಗುತ್ತೆ. ಅದಕ್ಕೇ ಅಗ್ಗ. ಬಸ್ಸು ನಡೆಸುವುದು ಬೆಂಗಳೂರಿನ ಏಜೆಂಟ್ ಅಲ್ಲ, ಅಲ್ಲಿನ ಸ್ಥಳೀಯ ಕಂಪನಿ. ಈ ಪದ್ಧತಿಗೆ ವಯಸ್ಸೂ ಆಗಿದೆ. 1950ರಲ್ಲಿ ವ್ಲಾದಿಮಿರ್ ರೈಟ್ಸ್ ಎಂಬಾತ ಬ್ರಿಟನ್ನಿನಿಂದ ಕಾರ್ಸಿಕಾ ದ್ವೀಪಕ್ಕೆ ವಿಮಾನ, ಊಟ, ಟೆಂಟಿನ ವಾಸ ಎಲ್ಲಾ ಸೇರಿಸಿ ಪ್ರವಾಸ ಮಾರಿದ. ಎಲ್ಲವನ್ನೂ ಒಟ್ಟಿಗೆ ಕೊಂಡು, ತಲೆಗಿಷ್ಟು ಅಂತ ಹಂಚಿ ಅಗ್ಗ ಮಾಡೋ ಸೂತ್ರ ಇವತ್ತಿಗೂ ಅದೇ.

ಫುಕೆಟ್ ವಿಮಾನ ನಿಲ್ದಾಣ ದ್ವೀಪದ ಉತ್ತರ ತುದಿಗಿದೆ. ಬೀಚುಗಳು ಪಶ್ಚಿಮದ ದಂಡೆಯಲ್ಲಿ ಸಾಲಾಗಿ ದಕ್ಷಿಣಕ್ಕೆ ಹೋಗುತ್ತವೆ: ಕಮಲಾ, ಪಟಾಂಗ್, ಕರೋನ್, ಕಟಾ. ನಮ್ಮ ರೆಸಾರ್ಟ್ ಇದ್ದದ್ದು ಕಟಾದಲ್ಲಿ. ಅಲ್ಲಿ ಗಲಾಟೆ ಕಮ್ಮಿ ಅಂತ ನಾನೇ ಆರಿಸಿದ್ದೆ. ಗಲಾಟೆಯೇನೋ ಕಮ್ಮಿ, ಆದರೆ ಬಸ್ಸಿಗೆ ಅದೇ ಕೊನೇ ಸ್ಟಾಪ್!

ಪಟಾಂಗ್ ದಾಟುವಷ್ಟರಲ್ಲಿ ಅಮ್ಮನ ಮುಖ ಬಿಳುಚಿತ್ತು. ಹಣೆ ಮೇಲೆ ಬೆವರು. “ತಲೆ ಸುತ್ತುತ್ತೆ ಕಣೋ” ಅಂದರು. ಬಿಸ್ಕತ್ತು ಕೊಟ್ಟೆ, ತಿಂದರು. ನೀರು ಕೊಟ್ಟರೆ ಕೈಯಲ್ಲಿ ಹಿಡಿದು ಸುಮ್ಮನೆ ಕೂತರು. ಗದರಿದೆ. ಆಗ ಮೆಲ್ಲಗೆ ಹೇಳಿದರು: “ನಿನ್ನೆ ಸಂಜೆಯಿಂದ ನೀರು ಕುಡಿದಿಲ್ಲಪ್ಪಾ. ದಾರೀಲಿ ಎಲ್ಲಿ ನಿಲ್ಲಿಸ್ತಾರೋ ಏನೋ ಅಂತ.”

ಅಮ್ಮನ ತವರು ಪಾವಗಡ. ಮದುವೆಯಾದಾಗಿನಿಂದ ಮಿಡಿಗೇಶಿ ಮೇಲೆ ಆ ಬಸ್ಸಲ್ಲಿ ಓಡಾಡಿದ್ದಾರೆ. ಗಂಡಸರು ರಸ್ತೆ ಪಕ್ಕ ಇಳೀತಾರೆ. ಹೆಂಗಸರು ಹಿಂದಿನ ದಿನದಿಂದಲೇ ನೀರು ಬಿಡ್ತಾರೆ. ನಾನು ಅವರ ಪಕ್ಕದಲ್ಲೇ ಕಡಲೆಕಾಯಿ ತಿನ್ನುತ್ತಾ ಕೂತು ಎಷ್ಟೋ ಸಲ ಹೋಗಿದ್ದೇನೆ. ಒಂದು ದಿನವೂ ಗೊತ್ತಾಗಿರಲಿಲ್ಲ. ಶುಗರ್ ಇರೋರು, ರಾತ್ರಿಯೆಲ್ಲಾ ನಿದ್ದೆಯಿಲ್ಲ, ಸೆಕೆಯ ಊರು, ಮೇಲೆ ನೀರೂ ಇಲ್ಲ. ನನ್ನ ಎಕ್ಸೆಲ್ ಶೀಟಲ್ಲಿ ಇದಕ್ಕೊಂದು ಸಾಲಿರಲಿಲ್ಲ.

ಎದ್ದು ಹೋಗಿ ಆ ಹುಡುಗನಿಗೆ ಹೇಳಿದೆ. ಐದೇ ನಿಮಿಷದಲ್ಲಿ ಪೆಟ್ರೋಲ್ ಬಂಕ್ ಹತ್ತಿರ ಬಸ್ಸು ನಿಂತಿತು. ಅಮ್ಮ ಇಳಿದರು. ಅವರ ಹಿಂದೆಯೇ ಇನ್ನೂ ನಾಲ್ಕು ಜನ ಹೆಂಗಸರು ಇಳಿದರು. ಅವರೂ ಯಾರೂ ಕೇಳಿರಲಿಲ್ಲ. ವಾಪಸ್ ಬಂದ ಅಮ್ಮ ಅರ್ಧ ಬಾಟಲಿ ನೀರು ಕುಡಿದು ನನ್ನ ಭುಜಕ್ಕೆ ಒರಗಿದರು. ಸಂಜೆಗೆ ಸರಿಹೋದರು.

ವಾಪಸ್ ಬರೋವಾಗ ಬೇರೆ ಕಾರು ಮಾಡಿದೆ. ಯಾಕಂದ್ರೆ ಕೊನೆಗೆ ಇಳಿದವರನ್ನು ಹಿಂತಿರುಗುವಾಗ ಮೊದಲು ಹತ್ತಿಸಿಕೊಳ್ಳುತ್ತಾರೆ, ಮತ್ತೆ ಅದೇ ಸುತ್ತು. ಹಂಗಂತ ಕೋಚ್ ಕೆಟ್ಟದ್ದು ಅಂತಲ್ಲ. ಫ್ರೆಂಡ್ಸ್ ಜೊತೆ ಹೋದರೆ ಇವತ್ತಿಗೂ ನಾನು ಅದನ್ನೇ ತಗೊಳ್ಳೋದು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಮಾತ್ರ ಬುಕ್ ಮಾಡೋ ಮುಂಚೆ ಏಜೆಂಟ್ ಹತ್ತಿರ ಇಷ್ಟು ಕೇಳಿ:

• ಟ್ರಾನ್ಸ್‌ಫರ್ ಎಸ್‌ಐಸಿಯೋ, ಪ್ರೈವೇಟೋ? ವ್ಯತ್ಯಾಸ ಎಷ್ಟು ದುಡ್ಡು? ಮೂರ್ನಾಲ್ಕು ಜನ ಇದ್ದರೆ ತಲೆಗೆ ಹಂಚಿ ನೋಡಿ.

• ಬಸ್ಸು ಎಷ್ಟು ಹೊತ್ತು ಕಾಯುತ್ತೆ? ನಮ್ಮ ಹೋಟೆಲ್ ಎಷ್ಟನೇ ಸ್ಟಾಪ್?

• ನಮ್ಮ ವಿಮಾನವೇ ತಡವಾದರೆ ಏನು ಗತಿ? ಅಲ್ಲಿನ ಕಂಪನಿಯ ಫೋನ್ ನಂಬರ್ ವೋಚರ್ ಮೇಲೆ ಇದೆಯಾ?

• ಯಾವ ಏರ್‌ಪೋರ್ಟ್? ಗೋವಾದಲ್ಲಿ 2023ರಿಂದ ದಾಬೋಲಿಂ ಜೊತೆಗೆ ಮೋಪಾದಲ್ಲೂ ವಿಮಾನ ಇಳಿಯುತ್ತೆ. ಒಂದು ದಕ್ಷಿಣ, ಇನ್ನೊಂದು ಉತ್ತರ.

• ಬೆಳಗ್ಗೆ ಇಳಿದರೆ ರೂಮು ಎಷ್ಟು ಹೊತ್ತಿಗೆ ಸಿಗುತ್ತೆ? ಸಾಮಾನ್ಯವಾಗಿ ಚೆಕ್ ಇನ್ ಮಧ್ಯಾಹ್ನ ಎರಡರ ಮೇಲೆ.

ಇನ್ನೊಂದು ಕೆಲಸ ನಮ್ಮದೇ. ಬಸ್ಸು ಹತ್ತೋ ಮುಂಚೆ, “ಅಮ್ಮಾ, ಟಾಯ್ಲೆಟ್‌ಗೆ ಹೋಗಿ ಬರೋಣ, ದಾರೀಲೂ ನಿಲ್ಲಿಸ್ತಾರೆ” ಅಂತ ನಾವೇ ಬಾಯಿಬಿಟ್ಟು ಹೇಳಬೇಕು. ಅವರಾಗಿ ಕೇಳಲ್ಲ.

ಮೊನ್ನೆ ಪಾವಗಡದಿಂದ ಮಾವನ ಮನೆಯವರು ಫೋನ್ ಮಾಡಿದ್ದರು. ಅವರೂ ಪ್ಯಾಕೇಜ್ ಟೂರ್ ಹೊರಟಿದ್ದಾರೆ. ಪಾಸ್‌ಪೋರ್ಟ್, ಲಗೇಜ್ ಅಂತ ನಾನು ಏನೇನೋ ಹೇಳುತ್ತಿದ್ದೆ. ಅಮ್ಮ ಫೋನ್ ಕಿತ್ತುಕೊಂಡು ಅತ್ತೆಗೆ ಹೇಳಿದರು: “ನೀರು ಕುಡ್ಕೊಂಡೇ ಹೋಗಮ್ಮಾ. ಬಸ್ಸು ನಿಲ್ಲಿಸ್ತಾರೆ. ಕೇಳ್ಬೇಕು ಅಷ್ಟೇ.”